ಮಣ್ಣಿಗೊಪ್ಪಿಸಿದ ದೇಹ ಮತ್ತೆ ಏಳುವುದೇ?

ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದೊಡನೆ ನಾವೆಲ್ಲರೂ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಹೇಳುತ್ತೇವೆ. ಬಾಲ್ಯದಿಂದಲೇ ಬಾಯಿಪಾಠವಾಗಿರುವ ಮಾತುಗಳಾದುದರಿಂದ ನಾಲಿಗೆ ತಾನಾಗಿಯೇ ಮುಂದೆ ಸಾಗುತ್ತದೆ. ಕೊನೆಯ ಸಾಲುಗಳಿಗೆ ಬರುವ ಹೊತ್ತಿಗೆ ಗಾಯನವೃಂದದವರು ಕಾಣಿಕೆಯ ಹಾಡಿನ ಪುಟವನ್ನು ಹುಡುಕುತ್ತಿರುತ್ತಾರೆ, ತಾಯಂದಿರು ಮಕ್ಕಳನ್ನು ಸುಮ್ಮನಿರಿಸುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ದೇಹದ ಪುನರುತ್ಥಾನ ಎಂಬ ಮಾತು ಬಂದು ಹೋದದ್ದೇ ಅನೇಕರ ಗಮನಕ್ಕೆ ಬರುವುದಿಲ್ಲ. ಆದರೆ ಪ್ರಿಯ ಓದುಗರೇ, ನಮ್ಮ ಧರ್ಮಸಭೆಯು ಜಗತ್ತಿನ ಮುಂದೆ ಇರಿಸಿದ ಅತ್ಯಂತ ಧೈರ್ಯದ ಮಾತುಗಳಲ್ಲಿ ಅದೂ ಒಂದು.

ನಮ್ಮ ಮನೆಗಳಲ್ಲಿ ಸಾವು ಸಂಭವಿಸಿದಾಗ ಪತ್ರಿಕೆಯಲ್ಲಿ ಅಚ್ಚಾಗುವ ಪ್ರಕಟಣೆಗಳನ್ನೂ ಬೀದಿಯಲ್ಲಿ ನಿಲ್ಲಿಸುವ ಶ್ರದ್ಧಾಂಜಲಿಯ ಫಲಕಗಳನ್ನೂ ನೋಡಿರಿ. ಎಲ್ಲದರಲ್ಲಿಯೂ ಮೃತರ ಆತ್ಮಕ್ಕೆ ಶಾಂತಿಯನ್ನು ಕೋರಲಾಗಿರುತ್ತದೆ. ಕೋರುವುದು ಸರಿಯೇ. ಆದರೆ ದೇಹದ ಬಗೆಗೆ ಒಂದು ಮಾತೂ ಇರುವುದಿಲ್ಲ. ಹಕ್ಕಿ ಹಾರಿಹೋಯಿತು, ಪಂಜರ ಉಳಿಯಿತು ಎಂಬ ಭಾವನೆಯೇ ನಮ್ಮ ಕ್ರೈಸ್ತ ಕುಟುಂಬಗಳಲ್ಲಿಯೂ ಬೇರೂರಿದೆ. ಧರ್ಮಸಭೆಯ ವಿಶ್ವಾಸ ಇದಲ್ಲ.

ಪಂಜರವಲ್ಲ, ಮನುಷ್ಯ

ದೇಹವನ್ನು ಆತ್ಮದ ಸೆರೆಮನೆಯೆಂದು ಕಂಡವರು ಪ್ರಾಚೀನ ಗ್ರೀಕ್ ದಾರ್ಶನಿಕರಲ್ಲಿ ಹಲವರಿದ್ದರು. ಪ್ಲೇಟೋ ತನ್ನ ಗುರು ಸಾಕ್ರಟೀಸನ ಅಂತ್ಯವನ್ನು ಚಿತ್ರಿಸುವಾಗ, ಸಾವೆಂದರೆ ಆತ್ಮಕ್ಕೆ ದೊರೆಯುವ ಬಿಡುಗಡೆ ಎಂಬ ವಿಚಾರವನ್ನೇ ಮುಂದಿಡುತ್ತಾನೆ. ಇಂತಹ ಚಿಂತನೆಯಲ್ಲಿ ಬೆಳೆದ ಅಥೆನ್ಸ್ ನಗರದ ಪಂಡಿತರೆದುರು ಸಂತ ಪೌಲರು ಭಾಷಣ ಮಾಡಿದ ಪ್ರಸಂಗ ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದಲ್ಲಿದೆ. ದೇವರ ವಿಷಯವನ್ನು ಹೇಳುವವರೆಗೆ ಅವರು ತಾಳ್ಮೆಯಿಂದ ಆಲಿಸಿದರು. ಸತ್ತವರು ಏಳುವರೆಂಬ ಮಾತು ಬಂದೊಡನೆ ಕೆಲವರು ಗೇಲಿ ಮಾಡಿದರು, ಕೆಲವರು ಇನ್ನೊಮ್ಮೆ ಕೇಳೋಣವೆಂದು ಎದ್ದುಹೋದರು. ಆತ್ಮ ಮಾತ್ರ ಅಮರವೆಂದು ಪೌಲರು ಹೇಳಿದ್ದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ. ಜನರು ನಕ್ಕರೆಂದು ಪೌಲರು ತಮ್ಮ ಬೋಧನೆಯನ್ನು ಬದಲಿಸಿಕೊಳ್ಳಲಿಲ್ಲ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಅರಿಸ್ಟಾಟಲನ ತತ್ತ್ವಶಾಸ್ತ್ರದ ನೆರವಿನಿಂದ ವಿವೇಚಿಸಿದರು. ಆತ್ಮವು ದೇಹದೊಳಗೆ ಬಾಡಿಗೆಗಿರುವ ಒಕ್ಕಲಲ್ಲ. ದೇಹಕ್ಕೆ ಜೀವವನ್ನೂ ರೂಪವನ್ನೂ ಕೊಡುವ ತತ್ತ್ವವೇ ಆತ್ಮ. ಎರಡೂ ಕೂಡಿದಾಗ ಮಾತ್ರ ಮನುಷ್ಯ. ಆದುದರಿಂದ ಮರಣದ ನಂತರ ದೇವರ ಸನ್ನಿಧಿಯಲ್ಲಿರುವ ಆತ್ಮವು ಆನಂದದಲ್ಲಿದ್ದರೂ ಪೂರ್ಣ ಮನುಷ್ಯನಲ್ಲ, ತನ್ನ ಆತ್ಮವೊಂದೇ ತಾನಲ್ಲ, ಎಂಬುದು ಅವರ ನಿಲುವು. ನಮ್ಮ ಅವ್ವ ಎಂದಾಗ ನಮಗೆ ನೆನಪಾಗುವುದು ಅವಳ ಕೈತುತ್ತು, ಧ್ವನಿ, ಜ್ವರ ಬಂದಾಗ ಹಣೆಯ ಮೇಲಿರಿಸಿದ ಅಂಗೈ. ಇವನ್ನೆಲ್ಲ ಕಳಚಿಟ್ಟ ಬಳಿಕ ಉಳಿಯುವುದನ್ನು ಅವ್ವ ಎಂದು ಕರೆಯಲು ಯಾರಿಗೆ ಮನಸ್ಸು ಬಂದೀತು? ದೇವರಿಗೂ ಬಾರದು ಎಂಬುದೇ ಈ ವಿಶ್ವಾಸದ ತಿರುಳು.

1215ರಲ್ಲಿ ರೋಮ್ ನಗರದಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಇದನ್ನು ಸಂದೇಹಕ್ಕೆಡೆಯಿಲ್ಲದಂತೆ ಸಾರಿತು. ಎಲ್ಲರೂ ಏಳುವುದು ಈಗ ತಾವು ಹೊತ್ತಿರುವ ತಮ್ಮದೇ ದೇಹಗಳೊಡನೆ, ಬೇರೆ ಯಾವುದೋ ದೇಹದೊಡನೆ ಅಲ್ಲ. ನಮ್ಮಲ್ಲಿ ಕೆಲವರು ಮಾತಿನ ಭರದಲ್ಲಿ ಮುಂದಿನ ಜನ್ಮದಲ್ಲಿ ನೋಡೋಣ ಎನ್ನುವುದುಂಟು. ಪುನರ್ಜನ್ಮವೂ ಪುನರುತ್ಥಾನವೂ ಬೇರೆ ಬೇರೆ. ಮೊದಲನೆಯದರಲ್ಲಿ ಆತ್ಮವು ಹಳೆಯ ದೇಹವನ್ನು ಬಿಟ್ಟು ಹೊಸದನ್ನು ಧರಿಸುತ್ತದೆ; ಎರಡನೆಯದರಲ್ಲಿ ಬಿಟ್ಟ ದೇಹವೇ ಹೊಸತಾಗುತ್ತದೆ.

ನೆರೆಹೊರೆಯವರ ನಡುವೆ

ಹರಿಹರದಿಂದ ಮಲೆಬೆನ್ನೂರು, ನಂದಿಗುಡಿಯವರೆಗಿನ ಈ ಸೀಮೆಯಲ್ಲಿ ಮಣ್ಣು ಕೊಡುವುದು ನಮಗೆ ಮಾತ್ರ ಮೀಸಲಾದ ಪದ್ಧತಿಯೇನೂ ಅಲ್ಲ. ನಮ್ಮ ವೀರಶೈವ ಲಿಂಗಾಯತ ಬಾಂಧವರು ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿಯೊಡನೆ ಸಮಾಧಿ ಮಾಡುತ್ತಾರೆ. ಮುಸ್ಲಿಂ ಬಾಂಧವರು ಮೃತರ ಮುಖವನ್ನು ಮೆಕ್ಕಾದ ದಿಕ್ಕಿಗೆ ಹೊರಳಿಸಿ ಮಣ್ಣು ಮಾಡುತ್ತಾರೆ. ಕಿಯಾಮತ್ತಿನ ದಿನ ಸತ್ತವರೆಲ್ಲರೂ ಏಳುವರೆಂಬುದು ಅವರ ನಂಬಿಕೆಯೂ ಹೌದು. ಇನ್ನುಳಿದ ಅನೇಕರು ದಹನ ಮಾಡಿ ಅಸ್ಥಿಯನ್ನು ತುಂಗಭದ್ರೆಯಲ್ಲಿ ವಿಸರ್ಜಿಸುತ್ತಾರೆ. ಒಂದೇ ಊರಿನ ಜನ ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೆಗಲು ಕೊಡುತ್ತಾರೆ. ಈ ಸೌಹಾರ್ದ ದೊಡ್ಡದು. ಆದರೆ ಕ್ರಿಯೆ ಒಂದೇ ಬಗೆಯಾಗಿ ಕಂಡರೂ ಅದರ ಹಿಂದಿನ ನಂಬಿಕೆ ಒಂದೇ ಅಲ್ಲ. ಅವರವರ ನಂಬಿಕೆಯನ್ನು ಅವರು ಬಲ್ಲರು. ನಾವೇಕೆ ಮಣ್ಣು ಕೊಡುತ್ತೇವೆ ಎಂದು ನೆರೆಯವರು ಕೇಳಿದರೆ ನಮ್ಮ ಮಕ್ಕಳಿಗೆ ಉತ್ತರ ತಿಳಿದಿರಬೇಡವೇ?

ಉತ್ತರವನ್ನು ನಮ್ಮ ಹೊಲಗದ್ದೆಗಳಲ್ಲಿಯೇ ಕಾಣಬಹುದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಸಂತ ಪೌಲರು ಬಳಸಿದ ಹೋಲಿಕೆ ಬೀಜದ್ದು. ಭದ್ರಾ ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ಈ ಭಾಗದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆನೆಹಾಕಿ ಸಸಿಮಡಿಗೆ ಚೆಲ್ಲಿದ ಭತ್ತದ ಕಾಳನ್ನು ಯಾರೂ ಮರಳಿ ಎತ್ತಿಕೊಳ್ಳುವುದಿಲ್ಲ. ಅದು ಕೆಸರಿನಲ್ಲಿ ಒಡೆದುಹೋಗುತ್ತದೆ. ಮೇಲೆ ಬಂದ ಪೈರು ಕಾಳಿನಂತೆ ಕಾಣುವುದಿಲ್ಲ. ಆದರೂ ರಾಗಿ ಚೆಲ್ಲಿದಲ್ಲಿ ಭತ್ತ ಏಳುವುದಿಲ್ಲ, ಭತ್ತ ಚೆಲ್ಲಿದಲ್ಲಿ ರಾಗಿ ಏಳುವುದಿಲ್ಲ. ಬಿತ್ತಿದ್ದಕ್ಕೂ ಬೆಳೆದದ್ದಕ್ಕೂ ಕಣ್ಣಿಗೆ ಕಾಣುವ ಭೇದವುಂಟು, ಕಡಿಯಲಾಗದ ಸಂಬಂಧವೂ ಉಂಟು. ಸಮಾಧಿಗೂ ಪುನರುತ್ಥಾನಕ್ಕೂ ಇರುವ ನಂಟು ಇಂಥದ್ದು. ಹೋಲಿಕೆ ಒಂದು ಕಡೆ ಮಾತ್ರ ಸೋಲುತ್ತದೆ: ಕಾಳು ಮೊಳೆಯುವುದು ತನ್ನೊಳಗಿನ ಶಕ್ತಿಯಿಂದ, ಸತ್ತ ದೇಹದಲ್ಲಿ ಅಂತಹ ಶಕ್ತಿಯಿಲ್ಲ. ಅದನ್ನು ಎಬ್ಬಿಸುವುದು ಕ್ರಿಸ್ತನನ್ನು ಎಬ್ಬಿಸಿದ ದೇವರ ಶಕ್ತಿಯೊಂದೇ.

ಪುನರುತ್ಥಾನ ಹೊಂದಿದ ದೇಹ ಹೇಗಿರುತ್ತದೆಂಬುದಕ್ಕೆ ನಮ್ಮ ಮುಂದಿರುವ ಒಂದೇ ಮಾದರಿ ಪ್ರಭು ಯೇಸುವಿನದು. ಬೆಥಾನಿಯದ ಲಾಜರನು ಎದ್ದು ಬಂದನು, ಮತ್ತೆ ವಯಸ್ಸಾಗಿ ಸತ್ತನು. ಅದು ಹಳೆಯ ಬಾಳಿಗೆ ಮರಳುವಿಕೆ. ಯೇಸು ಎದ್ದದ್ದು ಮರಣವೇ ಇಲ್ಲದ ಬಾಳಿಗೆ. ಸಂತ ಲೂಕರ ಶುಭಸಂದೇಶದಲ್ಲಿ ಅವರು ಶಿಷ್ಯರ ಕಣ್ಣೆದುರಿಗೇ ಸುಟ್ಟ ಮೀನಿನ ತುಂಡನ್ನು ತಿನ್ನುತ್ತಾರೆ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಮುಚ್ಚಿದ ಬಾಗಿಲುಗಳ ನಡುವೆ ಬಂದು ನಿಲ್ಲುತ್ತಾರೆ, ತೋಮನಿಗೆ ಗಾಯದ ಗುರುತುಗಳನ್ನು ತೋರಿಸುತ್ತಾರೆ. ನೆರಳು ಮೀನು ತಿನ್ನುವುದಿಲ್ಲ. ಬರಿಯ ಮಾಂಸಪಿಂಡ ಮುಚ್ಚಿದ ಬಾಗಿಲನ್ನು ದಾಟುವುದಿಲ್ಲ. ದೇಹವನ್ನು ಮುಟ್ಟಿ ನೋಡದೆ ನಂಬೆನೆಂದ ಆ ತೋಮನೇ ನಮ್ಮ ದೇಶಕ್ಕೆ ಶುಭಸಂದೇಶವನ್ನು ತಂದರೆಂದೂ ಮೈಲಾಪುರದಲ್ಲಿ ಸಮಾಧಿಯಾದರೆಂದೂ ಭಾರತೀಯ ಕ್ರೈಸ್ತ ಪರಂಪರೆ ಹೇಳುತ್ತದೆ.

ಒಂದು ಮನೆಯ ಪ್ರಶ್ನೆ

ಇಷ್ಟೆಲ್ಲ ಬರೆಯಲು ಕಾರಣವಾದ ಒಂದು ಸಂಗತಿಯನ್ನು ಈಗ ಹೇಳಬೇಕು. ನಂದಿಗುಡಿ ಕಡೆಯ ಒಂದು ಕುಟುಂಬದ ಹಿರಿಯ ತಾಯಿಯೊಬ್ಬರು ತಮ್ಮ ಕಣ್ಣುಗಳನ್ನು ದಾನ ಮಾಡಬೇಕೆಂದು ಬದುಕಿದ್ದಾಗ ಮಕ್ಕಳಿಗೆ ತಿಳಿಸಿದ್ದರು. ಅವರು ತೀರಿಕೊಂಡ ರಾತ್ರಿ ಮಕ್ಕಳಲ್ಲಿ ಒಮ್ಮತ ಮೂಡಲಿಲ್ಲ. ಕಿರಿಯ ಮಗನೂ ಮಗಳೂ ತಾಯಿಯ ಮಾತನ್ನು ನಡೆಸಬೇಕೆಂದರು. ಹಿರಿಯ ಮಗ ಒಪ್ಪಲಿಲ್ಲ. ಕಣ್ಣನ್ನು ಪಡೆಯಬೇಕಾದರೆ ಮರಣಾನಂತರ ಸುಮಾರು ಆರು ಗಂಟೆಯೊಳಗೆ ಪಡೆಯಬೇಕು. ಸುದ್ದಿ ತಿಳಿದು ನಾವು ಆ ಮನೆಯನ್ನು ತಲುಪಿದಾಗ ಬೆಳಗಾಗಿತ್ತು, ಆ ಗಡುವು ಮೀರಿತ್ತು. ಹಿರಿಯ ಮಗ ನಮ್ಮನ್ನು ಹಿತ್ತಲಿಗೆ ಕರೆದೊಯ್ದು ತಗ್ಗಿದ ದನಿಯಲ್ಲಿ ಕೇಳಿದರು: “ಫಾದರ್, ಆ ದಿನ ಅವ್ವ ಕಣ್ಣಿಲ್ಲದೆ ಎದ್ದರೆ ನಮ್ಮನ್ನು ಹೆಂಗೆ ಗುರುತು ಹಿಡೀತಾಳೆ?”

ಓದುಗರು ನಗಬಾರದು. ಆ ಮಗ ತನ್ನ ತಾಯಿಯ ದೇಹ ಏಳುವುದೆಂದು ನಿಜವಾಗಿ ನಂಬಿದ್ದರು. ವಿಶ್ವಾಸಪ್ರಮಾಣವನ್ನು ಬಾಯಿಪಾಠದಂತೆ ಒಪ್ಪಿಸುವ ಅನೇಕರಿಗಿಂತ ಅವರ ವಿಶ್ವಾಸ ಗಟ್ಟಿಯಾದದ್ದು. ಅವರಿಗೆ ಕೊರತೆಯಾದದ್ದು ವಿಶ್ವಾಸವಲ್ಲ, ವಿವರಣೆ. ಈ ಪ್ರಶ್ನೆ ಹೊಸದೂ ಅಲ್ಲ. ಸಂತ ಅಗುಸ್ತೀನರು ದೇವನಗರವನ್ನು ಕುರಿತ ತಮ್ಮ ಮಹಾಗ್ರಂಥದ ಕೊನೆಯ ಭಾಗದಲ್ಲಿ ಇಂತಹ ಹತ್ತಾರು ಪ್ರಶ್ನೆಗಳನ್ನು ಎತ್ತಿಕೊಂಡಿದ್ದಾರೆ. ಮೃಗಗಳು ತಿಂದ ದೇಹ ಏನಾಗುತ್ತದೆ? ಬೆಂಕಿಯಲ್ಲಿ ಬೂದಿಯಾದವರು? ಅಂಗ ಕಳೆದುಕೊಂಡ ರಕ್ತಸಾಕ್ಷಿಗಳು? ಯಾವುದನ್ನೂ ದೇವರು ಕಳೆದುಕೊಳ್ಳುವುದಿಲ್ಲ, ಕಡಿದುಹೋದ ಅಂಗ ಮರಳಿ ದೊರೆಯುತ್ತದೆ, ಕ್ರಿಸ್ತನಿಗಾಗಿ ಪಡೆದ ಗಾಯದ ಗುರುತು ಉಳಿದರೆ ಅದು ಕುಂದಾಗಿ ಅಲ್ಲ, ಕೀರ್ತಿಯಾಗಿ ಉಳಿಯುತ್ತದೆ ಎಂಬುದು ಅವರ ಉತ್ತರದ ಸಾರ.

ಅಕ್ವಿನಾಸರ ವಿಚಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾವು ಬದುಕಿರುವಾಗಲೇ ನಮ್ಮ ದೇಹದ ದ್ರವ್ಯ ಬದಲಾಗುತ್ತಿರುತ್ತದೆ. ಉಂಡದ್ದು ದೇಹವಾಗುತ್ತದೆ, ಸವೆದದ್ದು ಹೊರಹೋಗುತ್ತದೆ. ಆದರೂ ಅದೇ ಮನುಷ್ಯನಾಗಿ ಉಳಿಯುತ್ತೇವೆ. ಹರಿಹರದ ಸೇತುವೆಯ ಕೆಳಗೆ ನಿನ್ನೆ ಹರಿದ ನೀರು ಇಂದಿಲ್ಲ. ಆದರೂ ಅದು ತುಂಗಭದ್ರೆಯೇ. ಬಾಳಿನುದ್ದಕ್ಕೂ ಪ್ರತಿಯೊಂದು ಕಣವೂ ಅದೇ ಆಗಿರಬೇಕಾಗಿಲ್ಲವಾದರೆ, ಪುನರುತ್ಥಾನದ ದಿನ ದೇವರು ಹಳೆಯ ಕಣಗಳನ್ನೆಲ್ಲ ಎಣಿಸಿ ಕೂಡಿಸಲೇಬೇಕೆಂದು ನಾವೇಕೆ ಒತ್ತಾಯಿಸಬೇಕು? ಶೂನ್ಯದಿಂದ ಸೃಷ್ಟಿಸಿದವನಿಗೆ ಎರಡು ಕಣ್ಣುಗಳು ಭಾರವಲ್ಲ.

ಇದಕ್ಕೊಂದು ಕಣ್ಣಿಗೆ ಕಾಣುವ ನಿದರ್ಶನವೂ ಉಂಟು. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ಮಡಿದ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹ ಗೋವೆಯ ಬೊಮ್ ಜೇಸುಸ್ ಬಸಿಲಿಕದಲ್ಲಿದೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ಸಾರ್ವಜನಿಕ ದರ್ಶನಕ್ಕೆ ಅಪಾರ ಜನಸ್ತೋಮ ಸೇರಿತ್ತು. ಆ ಪವಿತ್ರ ದೇಹದ ಬಲಗೈಯ ಭಾಗವನ್ನು 1614ರಲ್ಲಿ ಬೇರ್ಪಡಿಸಿ ರೋಮ್ ನಗರಕ್ಕೆ ಒಯ್ಯಲಾಯಿತು. ಅದು ಇಂದಿಗೂ ಅಲ್ಲಿನ ಜೇಸು ದೇವಾಲಯದಲ್ಲಿದೆ. ಸಂತ ಕ್ಸೇವಿಯರರು ಕೈಯಿಲ್ಲದೆ ಏಳುವರೆಂದು ನಾಲ್ಕು ಶತಮಾನಗಳಲ್ಲಿ ಯಾವ ಭಕ್ತನೂ ಚಿಂತಿಸಿದ್ದಿಲ್ಲ. ಹಾಗಿರುವಾಗ ಕುರುಡನಿಗೆ ಬೆಳಕು ಕೊಟ್ಟ ತಾಯಿ ಕುರುಡಿಯಾಗಿ ಏಳುವಳೇ?

ಅಂಗದಾನವನ್ನು ಧರ್ಮಸಭೆ ವಿರೋಧಿಸುವುದಿಲ್ಲ. ಮರಣಾನಂತರದ ಅಂಗದಾನ ಪುಣ್ಯಕಾರ್ಯವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ. ಜಗದ್ಗುರು ಎರಡನೆಯ ಜಾನ್ ಪೌಲರು 2000ದ ಆಗಸ್ಟ್ 29ರಂದು ರೋಮ್‌ನಲ್ಲಿ ಅಂಗಕಸಿ ತಜ್ಞರ ಸಮ್ಮೇಳನದಲ್ಲಿ ಮಾತನಾಡುತ್ತಾ, ಅದನ್ನು ಪ್ರೀತಿಯ ಕಾರ್ಯವೆಂದು ಮೆಚ್ಚಿದರು. ಅಂಗಗಳ ಮಾರಾಟವನ್ನು ಮಾತ್ರ ಖಂಡಿಸಿದರು. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೇಕಿದ್ದರೆ, 2021ರ ಅಕ್ಟೋಬರ್ 29ರಂದು ಅಗಲಿದ ನಟ ಪುನೀತ್ ರಾಜಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರು ದೃಷ್ಟಿ ಪಡೆದುದನ್ನು ನೆನೆಯಬಹುದು. ವೈದ್ಯಕೀಯ ವಿದ್ಯಾಲಯಗಳಿಗೆ ಮಾಡುವ ದೇಹದಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಧ್ಯಯನ ಮುಗಿದ ಬಳಿಕ ಉಳಿದ ಅವಶೇಷಗಳಿಗೆ ಗೌರವದ ವಿದಾಯ ಸಲ್ಲಬೇಕೆಂಬುದೊಂದೇ ಕಾಳಜಿ. ಈ ಮಾತುಕತೆಯನ್ನು ಸಾವಿನ ರಾತ್ರಿಗೆಂದು ಮುಂದೂಡಬಾರದು. ಎಲ್ಲರೂ ಆರೋಗ್ಯದಿಂದ ಊಟಕ್ಕೆ ಕುಳಿತಿರುವಾಗಲೇ ಆಡಬೇಕು.

ದಹನ ಮಾಡಬಹುದೇ?

ನಮಗೆ ಪದೇ ಪದೇ ಎದುರಾಗುವ ಇನ್ನೊಂದು ಪ್ರಶ್ನೆ ಇದು. ಕ್ರಿ.ಶ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಕೊಂದವರು ಅವರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಇನ್ನು ಇವರು ಏಳುವುದು ಹೇಗೆ ನೋಡೋಣ ಎಂಬುದು ಅವರ ಸವಾಲಾಗಿತ್ತೆಂದು ಚರಿತ್ರಕಾರ ಯುಸೇಬಿಯಸ್ ಉಳಿಸಿಕೊಟ್ಟ ಪತ್ರದಿಂದ ತಿಳಿಯುತ್ತದೆ. ಕ್ರೈಸ್ತರು ಅಂಜಲಿಲ್ಲ; ಬೂದಿಯಾದವರನ್ನೂ ದೇವರು ಎಬ್ಬಿಸುವರೆಂದು ಅವರು ಬಲ್ಲವರಾಗಿದ್ದರು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಕೆಲವು ಪಂಗಡಗಳು ಪುನರುತ್ಥಾನವನ್ನು ಹಳಿಯುವ ಉದ್ದೇಶದಿಂದಲೇ ದಹನವನ್ನು ಪ್ರಚಾರ ಮಾಡಿದಾಗ, 1886ರಲ್ಲಿ ಧರ್ಮಸಭೆ ಅದನ್ನು ನಿಷೇಧಿಸಿತು. ಆ ಉದ್ದೇಶ ಮರೆಯಾದ ಮೇಲೆ 1963ರಲ್ಲಿ ನಿಷೇಧವನ್ನು ಸಡಿಲಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆ ಭೂಸ್ಥಾಪನೆಯನ್ನು ಹೃತ್ಪೂರ್ವಕವಾಗಿ ಶಿಫಾರಸು ಮಾಡುತ್ತದೆ. ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕಾಗಿ ಆಯ್ದುಕೊಂಡದ್ದಲ್ಲವಾದರೆ ದಹನವನ್ನು ತಡೆಯುವುದಿಲ್ಲ.

ಇದರ ಅಗತ್ಯ ಮಹಾಮಾರಿಯ ದಿನಗಳಲ್ಲಿ ಮನವರಿಕೆಯಾಯಿತು. 2020ರ ಜುಲೈನಲ್ಲಿ ಕೇರಳದ ಆಲಪ್ಪುಳ ಧರ್ಮಕ್ಷೇತ್ರವು, ಸ್ವಲ್ಪ ಅಗೆದರೂ ನೀರು ಬರುವ ತನ್ನ ನೆಲದಲ್ಲಿ ಕೋವಿಡ್ ನಿಯಮದಂತೆ ಆಳವಾದ ಗುಂಡಿ ತೋಡಲಾಗದೆ, ಮೃತರನ್ನು ದೇವಾಲಯದ ಆವರಣದಲ್ಲಿಯೇ ದಹಿಸಿ ಭಸ್ಮವನ್ನು ಸ್ಮಶಾನದಲ್ಲಿ ಹೂಳಿತು. ಆ ವರ್ಷಗಳಲ್ಲಿ ತಂದೆತಾಯಿಯರ ಮುಖವನ್ನೂ ನೋಡಲಾಗದೆ ಬೀಳ್ಕೊಟ್ಟ ಮಕ್ಕಳು ನಮ್ಮ ನಡುವೆ ಇದ್ದಾರೆ. ಕೊನೆಯ ಸ್ನಾನ ಮಾಡಿಸಲಿಲ್ಲ, ಪೆಟ್ಟಿಗೆ ಮುಟ್ಟಲಿಲ್ಲ ಎಂಬ ನೋವು ಅವರನ್ನು ಬಿಟ್ಟಿಲ್ಲ. ನಾವು ಮುಟ್ಟಲಾಗದ ದೇಹವನ್ನೂ ದೇವರು ಕೈಬಿಟ್ಟಿಲ್ಲವೆಂಬುದೇ ಅವರಿಗೆ ಪುನರುತ್ಥಾನದ ಶುಭಸಂದೇಶ.

ಆದರೆ ಭಸ್ಮದ ವಿಷಯದಲ್ಲಿ ಮಿತಿಯುಂಟು. 2016ರಲ್ಲಿ ಜಗದ್ಗುರು ಫ್ರಾನ್ಸಿಸರ ಒಪ್ಪಿಗೆಯೊಡನೆ ಪ್ರಕಟವಾದ ನಿರ್ದೇಶನದಂತೆ ಅದನ್ನು ಸ್ಮಶಾನದಲ್ಲಿ ಅಥವಾ ಪವಿತ್ರ ಸ್ಥಳದಲ್ಲಿ ಇರಿಸಬೇಕು. ಗಾಳಿಗೆ ತೂರುವುದು, ನದಿಗೆ ಬಿಡುವುದು, ಆಭರಣಗಳಲ್ಲಿ ಇರಿಸಿಕೊಳ್ಳುವುದು ಸಲ್ಲದು. ಮನೆಯಲ್ಲಿಡುವುದಕ್ಕೂ ಸಾಮಾನ್ಯವಾಗಿ ಅನುಮತಿಯಿಲ್ಲ. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ನೀಡಿದ ಉತ್ತರವೊಂದು, ಮೃತರಿಗೆ ಪ್ರಿಯವಾಗಿದ್ದ ಸ್ಥಳದಲ್ಲಿ ಅಲ್ಪ ಭಾಗವನ್ನು ಇರಿಸುವ ಮನವಿಯನ್ನು ಅಧಿಕಾರಿಗಳು ಪರಿಶೀಲಿಸಬಹುದೆಂದಿತು, ಚೆಲ್ಲಲು ಒಪ್ಪಲಿಲ್ಲ. ನೆರೆಯವರ ಆಚಾರವನ್ನು ಗೌರವಿಸುತ್ತಲೇ ನಾವು ಅಸ್ಥಿಯನ್ನು ತುಂಗಭದ್ರೆಗೆ ಬಿಡದಿರುವುದು ಇದಕ್ಕಾಗಿ. ಮನುಷ್ಯನು ಪ್ರಕೃತಿಯಲ್ಲಿ ಕರಗಿ ಹೆಸರಿಲ್ಲದಂತಾಗುತ್ತಾನೆಂದು ನಾವು ನಂಬುವುದಿಲ್ಲ. ದೇವರು ಹೆಸರು ಹಿಡಿದು ಕರೆಯುವ ದಿನದವರೆಗೆ ಆ ಹೆಸರಿಗೆ ನೆಲದ ಮೇಲೊಂದು ಜಾಗವಿರಲಿ, ಅಲ್ಲಿಗೆ ಪ್ರಾರ್ಥಿಸುವವರು ಬರಲಿ ಎಂಬುದು ತಾಯಿ ಧರ್ಮಸಭೆಯ ಆಸೆ.

ಬದುಕಿರುವ ದೇಹಕ್ಕೆ ಗೌರವ

ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರವು 2019ರಲ್ಲಿ ಬಸಿಲಿಕದ ಸ್ಥಾನವನ್ನು ಪಡೆಯಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿಗೆ ಬರುವವರ ಕೋರಿಕೆಗಳೇನು? ಮಗುವಿನ ಜ್ವರ, ಗಂಡನ ಕುಡಿತ, ಸೊಸೆಯ ಹೆರಿಗೆ, ಮಂಡಿಯ ನೋವು. ಎಲ್ಲವೂ ದೇಹದ ಕೋರಿಕೆಗಳೇ. ಇವು ಕೀಳು ಕೋರಿಕೆಗಳೆಂದು ಧರ್ಮಸಭೆ ಎಂದೂ ಹೇಳಿಲ್ಲ. ಆ ಮಾತೆಯೇ ದೇಹಾತ್ಮಗಳೆರಡರಿಂದಲೂ ಸ್ವರ್ಗಕ್ಕೆ ಒಯ್ಯಲ್ಪಟ್ಟರೆಂದು ಜಗದ್ಗುರು ಹನ್ನೆರಡನೆಯ ಪಯಸ್ಸರು 1950ರ ನವೆಂಬರ್ 1ರಂದು ವಿಶ್ವಾಸಸತ್ಯವಾಗಿ ಘೋಷಿಸಿದರು. ನಮಗೆ ಕೊನೆಯ ದಿನ ದೊರೆಯಬೇಕಾದುದು ಅವರಿಗೆ ಆಗಲೇ ದೊರೆತಿದೆ.

ಆದುದರಿಂದ ಈ ವಿಶ್ವಾಸ ಸ್ಮಶಾನದ ಗೇಟಿನೊಳಗೆ ಮಾತ್ರ ಇರುವಂಥದ್ದಲ್ಲ. ಶವಸಂಸ್ಕಾರದಲ್ಲಿ ಗುರುಗಳು ದೇಹದ ಮೇಲೆ ತೀರ್ಥವನ್ನು ಪ್ರೋಕ್ಷಿಸುತ್ತಾರೆ, ಧೂಪ ಹಾಕುತ್ತಾರೆ. ದೀಕ್ಷಾಸ್ನಾನ ಪಡೆದ, ಪರಮಪ್ರಸಾದ ಸೇವಿಸಿದ, ಪವಿತ್ರಾತ್ಮರ ಆಲಯವಾಗಿದ್ದ ದೇಹ ಅದು. ಸತ್ತ ಮೇಲೆ ಧೂಪ ಹಾಕಿಸಿಕೊಳ್ಳುವ ದೇಹಕ್ಕೆ ಬದುಕಿದ್ದಾಗ ಶುಭ್ರವಾದ ಹಾಸಿಗೆಯಾದರೂ ಬೇಡವೇ? ಹಾಸಿಗೆ ಹಿಡಿದ ಅಜ್ಜಿಯ ಬೆನ್ನಿನ ಹುಣ್ಣನ್ನು ಒರೆಸುವ ಸೊಸೆ, ತನಗೆ ತಿಳಿಯದೆಯೇ, ವಿಶ್ವಾಸಪ್ರಮಾಣದ ಒಂದು ಸಾಲನ್ನು ಕೈಯಿಂದ ಹೇಳುತ್ತಿದ್ದಾಳೆ. ಹೆಂಡತಿಯ ಮೇಲೆ ಕೈ ಮಾಡುವವನು ಅದೇ ಸಾಲನ್ನು ಅಲ್ಲಗಳೆಯುತ್ತಿದ್ದಾನೆ. ನಮ್ಮ ದೇಶದ ಕೆಲವೆಡೆ ಕ್ರೈಸ್ತರ ಸ್ಮಶಾನಗಳಲ್ಲಿಯೂ ಜಾತಿಯ ಗೋಡೆಗಳು ಎದ್ದಿವೆ. ಆ ಗೋಡೆಯ ಎರಡೂ ಬದಿಯವರು ಒಂದೇ ಕರೆಗೆ ಏಳಬೇಕಾದವರು. ಅಂದು ಗೋಡೆ ಕಟ್ಟಿದವರು ಏನು ಉತ್ತರ ಕೊಡುವರು?

ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಾವೆಲ್ಲರೂ ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಆ ದಿನ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬೇಡಿರಿ. ಇದು ನಿಮ್ಮ ತಾತ, ಇದು ನಿಮ್ಮ ಮುತ್ತಜ್ಜಿ ಎಂದು ಹೆಸರು ಹೇಳಿ ತೋರಿಸಿರಿ. ಇವರು ಇದ್ದರು ಎನ್ನುವುದರೊಡನೆ ಇವರು ಏಳುವರು ಎಂದೂ ಹೇಳಿರಿ. ಮುಂದಿನ ಭಾನುವಾರ ವಿಶ್ವಾಸಪ್ರಮಾಣದ ಆ ಸಾಲಿಗೆ ಬಂದಾಗ ಒಂದು ಕ್ಷಣ ನಿಧಾನಿಸಿ, ಅಗಲಿದ ಒಬ್ಬರ ಮುಖವನ್ನು ನೆನೆದು ಅದನ್ನು ಹೇಳೋಣ. ಎದ್ದು ಬಂದ ಪ್ರಭು ತಮ್ಮ ಗಾಯದ ಕೈಗಳಿಂದಲೇ ನಿಮ್ಮ ಮನೆಮಂದಿಯನ್ನೆಲ್ಲ ಹರಸಲಿ.